ಒಂಟೆಯ ಮೂಗಿನ ನೊಣ

ಎಲೆಮಾ ಚೂರಿ ಒರೆಸುವಷ್ಟರಲ್ಲಿ, ಕತ್ತು ಕೊಯ್ದ ಒಂಟೆಯ ಮೂಗಿನಿಂದ ದಪ್ಪ ಬಿಳಿ ಹುಳುವೊಂದು ಚಾಲ್ಬಿ ಮರುಭೂಮಿಯ ಮರಳಿಗೆ ಉದುರಿತು. ಹಿಂದೆಯೇ ಇನ್ನೊಂದು.

ಅವನ ಹೆಂಡತಿ ತಲಸೋ ಹುಳುಗಳ ಮುಂದೆ ಕುಕ್ಕರಿಸಿ ಕೂತಳು. ಬೆಳಗಿನಿಂದ ಒಂಟೆ ತಲೆ ಕೊಡವುತ್ತ ಗಿರಗಿರನೆ ಸುತ್ತುತ್ತಿತ್ತು. ಹುಚ್ಚು ನರಿ ಕಚ್ಚಿರಬೇಕು, ಮಕ್ಕಳ ಮೇಲೆ ಬೀಳುವ ಮೊದಲೇ ಕೊಯ್ದುಬಿಡು ಎಂದು ಗಂಡನ ಬೆನ್ನುಬಿದ್ದವಳು ಅವಳೇ. ಮನೆಗೆ ಹಾಲು ಕೊಡುತ್ತಿದ್ದುದು ಅದೊಂದೇ ಒಂಟೆ.

"ಹುಚ್ಚಲ್ಲ ಕಣೇ, ನೊಣ ಮೂಗಲ್ಲಿ ಮರಿ ಹಾಕಿತ್ತು," ಎಲೆಮಾ ಚೂರಿಯ ತುದಿಯಿಂದ ಹುಳುವನ್ನು ಹೊರಳಿಸಿದ. "ನಾಲ್ಕು ಸಲ ಸೀನಿದ್ರೆ ಬಿದ್ದೋಗ್ತಿದ್ವು."

"ಮೂಗು ನೋಡೋಕೆ ನಿಂಗೇನಾಗಿತ್ತು?"

"ನೋಡೋಕೆ ನೀನು ಬಿಟ್ಯಾ?"

ಸತ್ತ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದ್ದ ಮರಿ ಒಮ್ಮೆಲೇ ತಲೆ ಕೊಡವಿತು. ತಲಸೋ ಎದ್ದವಳೇ ಗಂಡನ ಕೈಯಿಂದ ಚೂರಿ ಕಿತ್ತು ದೂರ ಎಸೆದಳು.