ಚಿಪೊಲ್ಲಾ ಮನೆತನದ ನಕಾಶೆ

ಲಗ್ನ ಗಟ್ಟಿಯಾಯಿತೆಂದು ಮೊಮ್ಮಗಳು ಸಾನ್ವಿ ಮೆಚ್ಚಿದ ಹುಡುಗನ ಬಾಯಿಗೆ ಸಕ್ಕರೆ ಹಾಕಲು ಸುಮಿತ್ರವ್ವ ಕೈ ಎತ್ತಿದ್ದರು. ಅಷ್ಟರಲ್ಲಿ ಅವನು, ಸ್ಯಾಲ್ ಚಿಪೊಲ್ಲಾ, ಹೆಮ್ಮೆಯಿಂದ ಲ್ಯಾಪ್‌ಟಾಪ್ ತಿರುಗಿಸಿದ. ಇಟಲಿಯ ಸಿಸಿಲಿ ದ್ವೀಪದ ನಕಾಶೆಯ ತುಂಬ ಕೆಂಪು ಚುಕ್ಕಿಗಳು. ಒಂದೊಂದೂ ಚಿಪೊಲ್ಲಾಗಳಿದ್ದ ಊರು.

"ಚಿಪೊಲ್ಲಾ ಅಂದ್ರ ಏನವಾ?"

"ಆನಿಯನ್, ಅಜ್ಜಿ. ಜಸ್ಟ್ ಲೈಕ್ ಅಸ್," ಎಂದಳು ಸಾನ್ವಿ ಉಳ್ಳಾಗಡ್ಡಿ.

ಸಕ್ಕರೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ಒಂದ ಅಡ್ಡಹೆಸರಿನವರು ಅಣ್ಣ-ತಂಗಿ ಆಗ್ತೀರಿ. ಲಗ್ನ ಹೆಂಗ ಮಾಡೋದು?"

ಸ್ಯಾಲ್ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ. ಸುಮಿತ್ರವ್ವ ಚುಕ್ಕಿಗಳನ್ನು ಬಹಳ ಹೊತ್ತು ದಿಟ್ಟಿಸಿ, ಸಕ್ಕರೆಯನ್ನು ಬಟ್ಟಲಿಗೆ ಹಾಕಿದರು.

"ಇವನ ಸೋದರಮಾವ ಡಲ್ಲಾಸ್‌ದಾಗ ಅದಾನ ಅಂದ್ಯಲ್ಲ? ಮೊದಲ ಇವನ್ನ ಅವಗ ದತ್ತಕ ಕೊಟ್ಟು ಅಡ್ಡಹೆಸರು ಬದಲಿ ಮಾಡಸು. ಆಮ್ಯಾಲ ಸಕ್ಕರಿ."