ಲಂಗೋಟಿ ಲೆಕ್ಕ

ಹೊಸ ಬಡಾವಣೆಗೆ ಮುಂದೆ ಎಷ್ಟು ದೊಡ್ಡ ಶಾಲೆ ಬೇಕಾದೀತೆಂದು ಲೆಕ್ಕ ಹಾಕಲು ಬಂದ ಸಾಹೇಬರಿಗೆ ಮನೆಮನೆ ತಿರುಗುವುದೆಂದರೆ ಮಹಾ ಬೇಸರ. ನೇರವಾಗಿ ನೀರಿನ ಟ್ಯಾಂಕ್ ಹತ್ತಿದರು. ದೂರದ ತಾರಸಿಗಳ ಮೇಲೆ ಸಾಲುಸಾಲಾಗಿ ಲಂಗೋಟಿಗಳು ಒಣಗುತ್ತಿದ್ದವು.

"ನೂರಾ ಅರವತ್ತು! ಕೂಸಿಗೆ ನಾಲ್ಕು ಅಂತ ಹಿಡಿದ್ರೂ ನಲವತ್ತು ಕೂಸು ಆಯ್ತಲ್ರೀ!"

"ಒಂದ್ಸಲ ಬಾಗಿಲು ತಟ್ಟಿ ಕೇಳೋಣ ಸಾರ್," ಎಂದರು ಕೆಳಗಿದ್ದ ಗುಮಾಸ್ತೆ ಸುಗುಣಮ್ಮ.

"ಲಂಗೋಟಿ ಸುಳ್ಳು ಹೇಳುತ್ತೇನ್ರೀ?"

ಐದು ವರ್ಷಕ್ಕೆ ಶಾಲೆ ಎದ್ದು ನಿಂತಿತು, ಪುಟ್ಟಪುಟ್ಟ ಬೆಂಚುಗಳೂ ಬಂದವು. ದಾಖಲಾತಿಯ ದಿನ ಸಾಹೇಬರು ಬಾಗಿಲಲ್ಲೇ ಕಾದರು. ಒಂದು ಮಗುವೂ ಬರಲಿಲ್ಲ. ಬಂದದ್ದು ಹುರಿಮೀಸೆಯ ಪೈಲ್ವಾನರ ದಂಡು. ಸೀದಾ ಒಂದನೇ ತರಗತಿಗೆ ನುಗ್ಗಿ ಬುಟ್ಟಿಬುಟ್ಟಿ ಕೆಮ್ಮಣ್ಣು ಸುರಿಯತೊಡಗಿದರು. ಅವರಲ್ಲಿ ಹಿರಿಯ ಪೈಲ್ವಾನ ಸಾಹೇಬರಿಗೆ ಕೈಮುಗಿದ.

"ಟ್ಯಾಂಕ್ ಮೇಲೆ ನಿಂತು ನಮ್ ಲಂಗೋಟಿ ಎಣಿಸ್ತಿದ್ರಲ್ಲ ಸ್ವಾಮಿ, ಗರಡಿಮನೆ ಗ್ಯಾರಂಟಿ ಅಂತ ಆವತ್ತೇ ಅಂದ್ಕೊಂಡ್ವಿ!"