ಓಬುಲೇಶನ ಕಿವಿ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಮೆರಿಕದ ಸ್ಪೋರ್ಟ್ಸ್ ಕಾರಿನ ಓಡುತ್ತಿದ್ದ ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟ ಮೆಕ್ಯಾನಿಕ್ ಓಬುಲೇಶನಿಗೆ ಏನೂ ಕೇಳಿಸಲಿಲ್ಲ. ಮಡಕಶಿರೆಯಲ್ಲಿ ಗಾಡಿಗಳ ವಿಷಯಕ್ಕೆ ಆ ಕಿವಿಯ ಮಾತೇ ಕೊನೆ. ಅದು ಮಂದವಾದದ್ದು ಹೆಂಡತಿ ಲಕ್ಷ್ಮಕ್ಕನಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ.

“ನನ್ ಸೆಡಾನ್‌ಗೆ ಆರು ಸಿಲಿಂಡರ್. ಇವ್ನ್ ಕಾರ್ಗೆ ಎಂಟಂತೆ, ಮಾರ್ದೋನು ಹೇಳವ್ನೆ. ನಿಜವೇನಣ್ಣ?” ಎಂದು ಗಿರಾಕಿ ರಾಮಾಂಜಿ, ಕಾರು ಕೊಂಡ ತನ್ನ ಬಾಮೈದನನ್ನು ಕೆಣಕುತ್ತ ಓಬುಲೇಶನನ್ನು ಕೇಳಿದ.

ಮೂವತ್ತು ವರ್ಷ ಈ ರಿಪೇರಿ ಶೆಡ್ಡಿನಲ್ಲಿ ಗಂಡನ ಕೈಗೆ ಸ್ಪ್ಯಾನರ್ ಕೊಟ್ಟ ಲಕ್ಷ್ಮಕ್ಕ ಎದುರಿಗೇ ನಿಂತಿದ್ದಳು. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಮಡ್‌ಗಾರ್ಡಿನ ಮೇಲೆ ನಾಲ್ಕು ಬೆರಳು ಊರಿದಳು.

“ನಾಲ್ಕೇ. ಬೇಸ್ ಮಾಡೆಲ್ಲು. ಆದ್ರೂ ಟರ್ಬೊ ಐತೆ, ನಿನ್ ಸೆಡಾನ್‌ಗೇನೂ ಕಮ್ಮಿ ಇಲ್ಲ,” ಎಂದ ಓಬುಲೇಶ.

“ಭಲೇ ಕಿವಿ ಕಣಣ್ಣ,” ಎಂದು ರಾಮಾಂಜಿ ನಕ್ಕ.

ಓಬುಲೇಶ ಸ್ಕ್ರೂಡ್ರೈವರನ್ನು ಒರೆಸಿ ಹೆಂಡತಿಯ ಕೈಗಿಟ್ಟ. “ನಂದಲ್ಲಪ್ಪ, ಇವಳ್ದು.”